ಕಾಲುವೆ ದೋಣಿಗೊಂದು ಕಂಪ್ಯೂಟರ್

ಫೆಬ್ರವರಿ 6, ಸೋಮವಾರ

ಕೌನ್ಸಿಲ್‌ನಿಂದ ಕಾಗದ ಬಂದಿದೆ. ದೋಣಿಯಲ್ಲಿ ವಾಸ ಮಾಡುವವರಿಗೆ ಮನೆ ನಂಬರು ಇರುವುದಿಲ್ಲವಾದ್ದರಿಂದ ನಮ್ಮ ಅಂಚೆಯೆಲ್ಲ ನನ್ನ ಹೆಂಡತಿ ಡೆನೀಸ್ ಕೆಲಸ ಮಾಡುವ ವೃದ್ಧಾಶ್ರಮಕ್ಕೆ ಬರುತ್ತದೆ. ಚೀಲದಿಂದ ತೆಗೆದು ಕೊಡುವಾಗಲೇ ಅವಳು, ಊಟ ಮುಗಿಸಿ ಓದು ಅಂದಳು. ನಾನು ತಕ್ಷಣವೇ ಓದಿದೆ. ಎರಡು ಪ್ಯಾರಾ ಓದುವಷ್ಟರಲ್ಲಿ ಸಾಕಾಯಿತು. ಮಡಿಸಿ ಸ್ಪ್ಯಾನರ್ ಡ್ರಾಯರಿಗೆ ಹಾಕಿದೆ.

ಹೋದ ವಾರ ಬಂದಿದ್ದ ಮಿಸೆಸ್ ಬೂತ್ ಬರೆದ ಕಾಗದ. ಮನೆಯಲ್ಲೇ ಓದುವ ಮಕ್ಕಳನ್ನು ನೋಡಿಕೊಂಡು ಹೋಗುವುದು ಆಕೆಯ ಕೆಲಸ. ನಮ್ಮ ಸ್ಟವ್ ಪಕ್ಕ ಕೂತು ಎರಡು ಲೋಟ ಚಹಾ ಕುಡಿದು, ಮಗಳು ವಿನ್ನಿ ಬಿಡಿಸಿದ್ದ ಕಾಲುವೆಯ ನಕ್ಷೆಯನ್ನು ಹೊಗಳಿ, ನಗುನಗುತ್ತಾ ಹೋದ ಹೆಂಗಸು. ಈಗ ಬರೆಯುತ್ತಾರೆ: ಮಗುವಿನ ಬರವಣಿಗೆಯ ಮಾದರಿಗಳು ವಯಸ್ಸಿಗೆ ತಕ್ಕಷ್ಟಿಲ್ಲ. ಕಂಪ್ಯೂಟರ್ ಒದಗಿಸುವ ಬಗ್ಗೆ ಪೋಷಕರು ಯೋಚಿಸಬೇಕು. ಮಾರ್ಚ್ 28ಕ್ಕೆ ಮತ್ತೆ ಬರುತ್ತಾರಂತೆ. ಆಗಲೂ ಸಮಾಧಾನವಾಗದಿದ್ದರೆ ಮಗುವನ್ನು ಶಾಲೆಗೆ ಸೇರಿಸಿ ಎಂದು ಆದೇಶ ಹೊರಡಬಹುದಂತೆ.

ಶಾಲೆಗೆ. ಯಾವ ಶಾಲೆಗೆ? ಎರಡು ವರ್ಷದ ಹಿಂದೆ, ವಿನ್ನಿಗೆ ಎಂಟು ವರ್ಷವಾಗಿದ್ದಾಗ, ಅವಳು ಮರೆತು ಬಿಟ್ಟುಹೋಗಿದ್ದ ಊಟದ ಡಬ್ಬಿ ಕೊಡಲು ನಾನು ಶಾಲೆಗೆ ಹೋಗಿದ್ದೆ. ಮಕ್ಕಳೆಲ್ಲ ತರಗತಿಯೊಳಗೆ ಟೀಚರ್ ಜೊತೆ ಏನೋ ಹಾಡುತ್ತಿದ್ದರು. ನನ್ನ ಮಗಳು ಒಬ್ಬಳೇ ಕಾರಿಡಾರಿನಲ್ಲಿ, ಕೋಟು ನೇತುಹಾಕುವ ಗೂಟಗಳ ಕೆಳಗೆ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಒಂದು ಪರದೆಯ ಮುಂದೆ ಕೂತಿದ್ದಳು. ನಿಧಾನ ಬರೆಯುವ ಮಕ್ಕಳಿಗೆ ಹಾಗೆ ಮಾಡುತ್ತೇವೆ, ಅವಳೇನೂ ತೊಂದರೆ ಕೊಡುವುದಿಲ್ಲ, ತುಂಬಾ ಶಾಂತ ಹುಡುಗಿ ಎಂದರು ಟೀಚರ್. ಎಷ್ಟು ದಿನದಿಂದ ಎಂದು ಕೇಳಿದೆ. ಸೆಪ್ಟೆಂಬರಿಂದ ಅಂದರು. ಅದು ಮಾರ್ಚ್ ತಿಂಗಳು. ಅವತ್ತೇ ಡಬ್ಬಿಯ ಜೊತೆ ಮಗಳನ್ನೂ ವಾಪಸ್ ಕರೆದುಕೊಂಡು ಬಂದೆ.

ಅವತ್ತಿನಿಂದ ಪಾಠವೆಲ್ಲ ನನ್ನದೇ. ಲೆಕ್ಕ, ನಕ್ಷೆ, ಹಕ್ಕಿಗಳು, ಡೀಸೆಲ್ ಎಂಜಿನ್ನಿನ ಒಳಗು ಹೊರಗು. ದಿನಾ ಬೆಳಿಗ್ಗೆ ಒಂದು ಪುಟ ಕಾಪಿ, ಶಾಯಿ ಪೆನ್ನಿನಲ್ಲಿ, ಕೂಡಿಸಿ ಬರೆಯುವ ಅಕ್ಷರ. ಪಕ್ಕದಲ್ಲೇ ಕೂತು ಕೈ ಹಿಡಿದು ಬರೆಸುತ್ತೇನೆ. ಯಾವ ಟೀಚರ್ ಹಾಗೆ ಮಾಡುತ್ತಾರೆ? ಅದನ್ನು ಬಿಟ್ಟು ಇವರಿಗೆ ಯಂತ್ರ ಬೇಕು. ಯಾವ ಯಂತ್ರದಿಂದ ನಾನು ಮಗಳನ್ನು ಬಿಡಿಸಿಕೊಂಡು ಬಂದೆನೋ ಅದೇ ಯಂತ್ರ.

ಫೆಬ್ರವರಿ 7, ಮಂಗಳವಾರ

ಮಿಸೆಸ್ ಬೂತ್‌ಗೆ ನಾಲ್ಕು ಪುಟ ಉತ್ತರ ಬರೆದೆ. ಡೆನೀಸ್ ಓದಿ, ಅಂಚೆಪೆಟ್ಟಿಗೆಗೆ ಹಾಕುತ್ತೇನೆಂದು ತೆಗೆದುಕೊಂಡಳು. ಸಂಜೆ ನೋಡಿದರೆ ಸ್ಟವ್ ಹೊತ್ತಿಸಲು ಬಳಸಿದ್ದಾಳೆ.

ಫೆಬ್ರವರಿ 11, ಶನಿವಾರ

ಡಂಕನ್ ಬಂದಿದ್ದ. ಡೆನೀಸಳ ತಮ್ಮ, ಲೀಡ್ಸ್‌ನಲ್ಲಿ ವಿಮಾ ಕಚೇರಿಯಲ್ಲಿದ್ದಾನೆ. ಕೆಸರು ತುಂಬಿದ ದಡದ ಹಾದಿಯಲ್ಲಿ ಬಿಳಿ ಬೂಟು ಹಾಕಿಕೊಂಡು ನಡೆಯುವ ಮನುಷ್ಯನ ಬುದ್ಧಿಯನ್ನು ಏನೆಂದು ಹೇಳಲಿ. ಅಕ್ಕ ಫೋನಿನಲ್ಲಿ ಎಲ್ಲ ಹೇಳಿಬಿಟ್ಟಿದ್ದಾಳೆ. ವಿನ್ನಿಗೆಂದು ಒಂದು ಟ್ಯಾಬ್ಲೆಟ್ ತಂದಿದ್ದ, ಹೊಚ್ಚ ಹೊಸದು, ಗುಲಾಬಿ ಬಣ್ಣದ ಕವಚ. 'ಇಷ್ಟೇ ಭಾವ, ಮುಗೀತು ನಿಮ್ಮ ಸಮಸ್ಯೆ' ಅಂದ. ನನ್ನ ಸಮಸ್ಯೆ ಏನು ಅಂತ ನನ್ನನ್ನು ಅವನು ಕೇಳಿಯೇ ಇರಲಿಲ್ಲ.

ಅದರಲ್ಲಿ ಒಂದು ಗೂಬೆ ಪಾಠ ಮಾಡುತ್ತದೆ. ಸರಿಯುತ್ತರ ಕೊಟ್ಟರೆ ರೆಕ್ಕೆ ಬಡಿದು ಚಪ್ಪಾಳೆ ತಟ್ಟುತ್ತದೆ. ಏಳಕ್ಕೆ ಎಂಟು ಸೇರಿಸಿದ್ದಕ್ಕೆ ಚಪ್ಪಾಳೆ. ಕಾಲುವೆಯಲ್ಲಿ ಎಷ್ಟು ಟನ್ ದೋಣಿ ಎಷ್ಟು ನೀರು ಸರಿಸುತ್ತದೆಂದು ಲೆಕ್ಕ ಹಾಕುವ ಹುಡುಗಿಗೆ. ಅದಾದ ಮೇಲೆ ಮಗುವಿನ ಹೆಸರು, ಹುಟ್ಟಿದ ದಿನ, ವಾಸ ಎಲ್ಲಿ ಎಂದು ಒಂದೊಂದಾಗಿ ಕೇಳಲು ಶುರುಮಾಡಿತು. ಗೂಬೆಗೆ ಯಾಕೆ ಬೇಕು ನಾವೆಲ್ಲಿ ವಾಸ ಅಂತ?

ವಿನ್ನಿ ಮಾವನಿಗೆ ಬೇಜಾರಾಗಬಾರದೆಂದು ಒಂದು ಗಂಟೆ ಆಡಿದಳು. ಆಮೇಲೆ, ಗಾಜಿನ ಮೇಲೆ ಬೆರಳು ಇಟ್ಟರೆ ಏನೂ ಗೊತ್ತಾಗುವುದಿಲ್ಲ, ಅಕ್ಷರ ಒತ್ತಿದೆನೋ ಇಲ್ಲವೋ ತಿಳಿಯುವುದಿಲ್ಲ ಎಂದಳು. ಇಷ್ಟವಿಲ್ಲ ಅಂತ ಅದರ ಅರ್ಥ. ಪೆಟ್ಟಿಗೆಯ ಸಮೇತ ವಾಪಸ್ ಕೊಟ್ಟೆ. ಡಂಕನ್ ಮುಖ ಊದಿಸಿಕೊಂಡು ಹೋದ. ಡೆನೀಸ್ ಪಾತ್ರೆಗಳನ್ನು ಗಟ್ಟಿಯಾಗಿ ತೊಳೆಯುತ್ತಿದ್ದಾಳೆ.

ಫೆಬ್ರವರಿ 18, ಶನಿವಾರ

ಕೀತ್ಲಿಯಲ್ಲಿ ಕಂಪ್ಯೂಟರ್ ಅಂಗಡಿಗೆ ಹೋದೆವು, ವಿನ್ನಿ ಮತ್ತು ನಾನು. ಒಳಗೆ ಕಾಲಿಟ್ಟ ಕೂಡಲೇ ಒಬ್ಬ ಗಡ್ಡದವನು ಬಂದು, ಯಾವ ಉಪಯೋಗಕ್ಕೆ ಸಾರ್ ಎಂದ. ಕೌನ್ಸಿಲ್‌ನವರಿಗೆ ತೋರಿಸಲು ಎಂದೆ. ಅವನಿಗೆ ಅರ್ಥವಾಗಲಿಲ್ಲ. ಕೆಂಪು ನೀಲಿ ದೀಪ ಮಿನುಗುವ ಒಂದು ದೈತ್ಯ ಯಂತ್ರದ ಮುಂದೆ ನಿಲ್ಲಿಸಿ ಹತ್ತು ನಿಮಿಷ ಉಪನ್ಯಾಸ ಕೊಟ್ಟ. ಎಷ್ಟು ವ್ಯಾಟ್ ಎಳೆಯುತ್ತದೆ ಎಂದು ಕೇಳಿದೆ. ಗೋಡೆಗೆ ಸಿಕ್ಕಿಸಿದರೆ ಆಯಿತು ಸಾರ್, ಅದನ್ನೆಲ್ಲ ಯಾರು ನೋಡುತ್ತಾರೆ ಅಂದ. ನಮ್ಮ ಗೋಡೆಯ ಆಚೆ ಬಾತುಕೋಳಿ ಇರುತ್ತದಪ್ಪ, ವಿದ್ಯುತ್ ಕಂಬ ಇರುವುದಿಲ್ಲ ಎಂದು ಹೇಳಿದೆ. ನಮಗಿರುವುದು ಸೂರಿನ ಮೇಲೆ ಎರಡು ಸೌರ ಫಲಕ, ಕೆಳಗೆ ನಾಲ್ಕು ಬ್ಯಾಟರಿ. ಫೆಬ್ರವರಿಯ ಬಿಸಿಲಿಗೆ ಅಷ್ಟೂ ಸೇರಿ ಒಂದು ಫ್ರಿಜ್ಜನ್ನು ಕಷ್ಟಪಟ್ಟು ಸಾಕುತ್ತವೆ.

ಅಷ್ಟರಲ್ಲಿ ವಿನ್ನಿ ಅಂಗಡಿಯ ಇನ್ನೊಂದು ತುದಿಯಲ್ಲಿ ಒಂದೊಂದೇ ಯಂತ್ರದ ಕೀಲಿಗಳನ್ನು ಒತ್ತಿ ನೋಡುತ್ತಾ ನಡೆದಿದ್ದಳು. ಗಡ್ಡದವನು ನನ್ನನ್ನು ಬಿಟ್ಟು ಅವಳ ಹತ್ತಿರ ಹೋಗಿ, ನಿನಗೇನು ಬೇಕಮ್ಮ ಎಂದು ಕೇಳಿದ. ಅವಳು ಏನೋ ಹೇಳಲು ಬಾಯಿ ತೆರೆದಳು. ನಾನು ಅವಳ ಕೈ ಹಿಡಿದು ಹೊರಗೆ ಕರೆದುಕೊಂಡು ಬಂದೆ. ಅಪ್ಪ ಎದುರಿಗಿರುವಾಗ ಹತ್ತು ವರ್ಷದ ಮಗುವಿಗೆ ಮಾರಲು ನೋಡುವ ಅಂಗಡಿ.

ಬಸ್ಸಿನಲ್ಲಿ ಅವಳು ಕೈಗಳನ್ನು ಕೋಟಿನೊಳಗೆ ಸೇರಿಸಿಕೊಂಡು ಮುದುಡಿ ಕೂತಳು. ಚಳಿ ಇತ್ತು.

ಫೆಬ್ರವರಿ 23, ಗುರುವಾರ

ನಾನೇ ಆರಿಸಿದೆ. ಬಿಂಗ್ಲಿಯಲ್ಲಿ ಒಂದು ಲೆಕ್ಕಪತ್ರದ ಕಚೇರಿ ಮುಚ್ಚುತ್ತಿತ್ತು. ಅವರ ಜನರೇಟರ್ ರಿಪೇರಿ ಮಾಡಿಕೊಟ್ಟಿದ್ದೆ, ಅದರ ಬದಲಿಗೆ ಒಂದು ಮೇಜಿನ ಕಂಪ್ಯೂಟರ್ ಕೊಟ್ಟರು. ಗಟ್ಟಿಮುಟ್ಟಾದ ಕಬ್ಬಿಣದ ಡಬ್ಬ, ದೊಡ್ಡ ಪರದೆ. ಕೈಗಾಡಿಯಲ್ಲಿ ದಡದ ಹಾದಿಯುದ್ದಕ್ಕೂ ತಳ್ಳಿಕೊಂಡು ಬಂದೆ. ಊಟದ ಮೇಜಿನ ಮುಕ್ಕಾಲು ಭಾಗ ಹಿಡಿಯಿತು. ಮಿಸೆಸ್ ಬೂತ್ ಬಂದು ಕಣ್ಣು ತುಂಬಾ ನೋಡಲಿ.

ವಿನ್ನಿಗೆ ಇಷ್ಟವಾಯಿತೇ ಎಂದು ಕೇಳಿದೆ. ದೊಡ್ಡದಿದೆ ಅಂದಳು.

ಫೆಬ್ರವರಿ 24, ಶುಕ್ರವಾರ

ಬ್ಯಾಟರಿಗಳು ಪೂರ್ತಿ ಇಳಿದುಹೋದವು. ಫ್ರಿಜ್ ನಿಂತಿತು. ನೀರಿನ ಪಂಪೂ ನಿಂತಿತು. ಪಂಪು ನಿಲ್ಲುವಾಗ ಡೆನೀಸ್ ತಲೆಗೆ ಶಾಂಪೂ ಹಚ್ಚಿಕೊಂಡಿದ್ದಳು. ಅವಳು ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಟವೆಲ್ ಸುತ್ತಿಕೊಂಡು ಬಂದು ಆ ಡಬ್ಬವನ್ನು ದಡಕ್ಕೆ ಇಳಿಸುವವರೆಗೂ ನಿಂತೇ ಇದ್ದಳು.

ತಯಾರು ಮಾಡುವವರು ಹೊರಗೆ ದೊಡ್ಡ ಅಕ್ಷರದಲ್ಲಿ ಬರೆಯಬೇಕು, ಇದು ಇಷ್ಟು ಕುಡಿಯುತ್ತದೆ ಅಂತ. ಡೀಸೆಲ್ ಎಂಜಿನ್‌ಗೆ ಬರೆಯುತ್ತಾರೆ. ಇದಕ್ಕೇನು ಬಂದಿದೆ ಧಾಡಿ?

ಮಾರ್ಚ್ 7, ಮಂಗಳವಾರ

ಬರೆಯಬಾರದು ಅಂದುಕೊಂಡಿದ್ದೆ. ಬರೆಯುತ್ತೇನೆ.

ಮಂಗಳವಾರ, ಗುರುವಾರ ನಾನು ದೋಣಿಕಟ್ಟೆಯಲ್ಲಿ ಎಂಜಿನ್ ಕೆಲಸಕ್ಕೆ ಹೋಗುವಾಗ ವಿನ್ನಿಯನ್ನು ಊರಿನ ಲೈಬ್ರರಿಯಲ್ಲಿ ಬಿಡುತ್ತೇನೆ. ಹಕ್ಕಿಗಳ ಪುಸ್ತಕ ಓದುತ್ತಾಳೆಂದು ತಿಳಿದಿದ್ದೆ. ಇವತ್ತು ಕೆಲಸ ಬೇಗ ಮುಗಿಯಿತು. ಹೋದರೆ ಮಕ್ಕಳ ವಿಭಾಗದಲ್ಲಿ ಅವಳಿಲ್ಲ. ಕೌಂಟರಿನಲ್ಲಿದ್ದ ನಸ್ರೀನ್ ಎನ್ನುವಾಕೆ, ವಿನ್ನಿ ಶೌಚಾಲಯಕ್ಕೆ ಹೋಗಿದ್ದಾಳೆ, ಅವಳ ಹಾಳೆಗಳು ಪ್ರಿಂಟ್ ಆಗಿವೆ, ತಗೊಳ್ಳಿ ಎಂದು ಒಂಬತ್ತು ಹಾಳೆ ನನ್ನ ಕೈಗಿಟ್ಟರು. ಅಕ್ಟೋಬರಿನಿಂದ ಅಲ್ಲಿನ ಕಂಪ್ಯೂಟರಿನಲ್ಲಿ ಕೂತು ಬರೆಯುತ್ತಿದ್ದಾಳಂತೆ. 'ಎಷ್ಟು ಚೆನ್ನಾಗಿ ಬರೀತಾಳೆ ನಿಮ್ಮ ಹುಡುಗಿ, ನಿಮಗೆ ಗೊತ್ತಿರತ್ತಲ್ಲ' ಅಂದರು.

ನನಗೆ ಗೊತ್ತಿರಲಿಲ್ಲ. ಅಪ್ಪನಿಗೆ ತಿಳಿಸದೆ ಮಗುವನ್ನು ಯಂತ್ರದ ಮುಂದೆ ಕೂರಿಸುವುದು ಲೈಬ್ರರಿಯ ಕೆಲಸವೇ ಎಂದು ಕೇಳಬೇಕೆಂದಿದ್ದೆ. ಆದರೆ ವಿನ್ನಿ ಬರುವುದರೊಳಗೆ ಹಾಳೆಗಳನ್ನು ಕೋಟಿನೊಳಗೆ ಸೇರಿಸಿಕೊಂಡು ಹೊರಗೆ ಬಂದು ಬೆಂಚಿನ ಮೇಲೆ ಕೂತು ಓದಿದೆ.

ಕೊಕ್ಕರೆಯ ಬಗ್ಗೆ ಮೂರು ಪುಟ. ಅಷ್ಟು ಹೊತ್ತು ನಿಂತಲ್ಲೇ ನಿಲ್ಲುವ ಹಕ್ಕಿಯನ್ನು ನೋಡುತ್ತಾ ತಾನೂ ನಿಂತದ್ದು, ಮೀನು ಸಿಗದೆ ಅದು ಹಾರಿಹೋದಾಗ ತನಗೆ ನಾಚಿಕೆಯಾದದ್ದು. ದೋಣಿಯನ್ನು ಮೇಲಿನ ಮಟ್ಟಕ್ಕೆ ಎತ್ತಲು ಬಾಗಿಲು ಮುಚ್ಚಿ ನೀರು ತುಂಬಿಸುವ ಕಾಲುವೆಯ ಲಾಕ್‌ನಲ್ಲಿ ನೀರು ಏರುವಾಗ ಹೊಟ್ಟೆಯಲ್ಲಿ ಏನಾಗುತ್ತದೆ ಎಂದು ಎರಡು ಪುಟ. ಒಂದೂ ಕಾಗುಣಿತದ ತಪ್ಪು ಇಲ್ಲ. ನನ್ನ ಮಗಳು ಕಾಪಿ ಪುಸ್ತಕದಲ್ಲಿ ಬೆಳಗಿನ ಹೊತ್ತೆಲ್ಲ ಕೂತು ನಾಲ್ಕು ಸಾಲು ಬರೆಯುತ್ತಾಳೆ.

ಕೊನೆಯ ಪುಟದಲ್ಲಿ ಇದಿತ್ತು. ಇದ್ದಂತೆಯೇ ಬರೆದುಕೊಳ್ಳುತ್ತೇನೆ:

'ಅಪ್ಪ ನನ್ನ ಕೈಯ ಮೇಲೆ ಕೈ ಇಟ್ಟು ಬರೆಸುತ್ತಾನೆ. ಅವನ ಕೈ ಬೆಚ್ಚಗಿರುತ್ತದೆ, ಡೀಸೆಲ್ ವಾಸನೆ ಇರುತ್ತದೆ. ಐದನೇ ಸಾಲಿಗೆ ಬರುವಾಗ ನನಗೆ ಮೊಣಕೈವರೆಗೂ ಉರಿಯುತ್ತದೆ. ಬೆರಳು ನನ್ನ ಮಾತು ಕೇಳುವುದಿಲ್ಲ. ಹೇಳಿದರೆ ತನಗೆ ಕಲಿಸಲು ಆಗುವುದಿಲ್ಲ ಎಂದು ಅಪ್ಪನಿಗೆ ಅನ್ನಿಸಿ ನನ್ನನ್ನು ಶಾಲೆಗೆ ಕಳಿಸಬಹುದು. ಅದಕ್ಕೇ ಹೇಳುವುದಿಲ್ಲ.'

ಮಾರ್ಚ್ 8, ಬುಧವಾರ

ಇವತ್ತು ಕಾಪಿ ಬರೆಸಲಿಲ್ಲ. ಶಾಯಿ ಮುಗಿದಿದೆ.

ಮಾರ್ಚ್ 9, ಗುರುವಾರ

ಶಾಯಿ ತರಲು ಮರೆತೆ.

ಮಾರ್ಚ್ 10, ಶುಕ್ರವಾರ

ಡೆನೀಸ್‌ಗೆ ಹಾಳೆಗಳನ್ನು ತೋರಿಸಿದೆ. ಓದಿದಳು, ಕಣ್ಣು ಒರೆಸಿಕೊಂಡಳು. ಆಶ್ಚರ್ಯ ಮಾತ್ರ ಪಡಲಿಲ್ಲ. ಕೈ ನೋಯುವುದು ನಿನಗೆ ಗೊತ್ತಿತ್ತಾ ಎಂದು ಕೇಳಿದೆ. ಗೊತ್ತಿತ್ತಂತೆ. ಒಂದು ಮನೆಯಲ್ಲಿ, ಅದೂ ಎರಡು ಮೀಟರ್ ಅಗಲದ ಮನೆಯಲ್ಲಿ, ಮೂವರಲ್ಲಿ ಇಬ್ಬರಿಗೆ ಗೊತ್ತಿರುವ ವಿಷಯ ಮೂರನೆಯವನಿಗೆ ಗೊತ್ತಿಲ್ಲ. ಇದಕ್ಕಿಂತ ಅವಮಾನ ಇನ್ನೇನಿದೆ ಎಂದು ಕೂಗಾಡಿದೆ. ನನ್ನಿಂದ ಮುಚ್ಚಿಟ್ಟೆ ಎಂದೆ.

ಅವಳು ದನಿ ಏರಿಸಲಿಲ್ಲ. 'ಮುಚ್ಚಿಟ್ಟಿಲ್ಲ ಗಾರ್ತ್. ನವೆಂಬರಲ್ಲಿ ಹೇಳ್ದೆ. ಕ್ರಿಸ್‌ಮಸ್‌ಗೆ ಮುಂಚೆ ಇನ್ನೊಂದ್ಸಲ ಹೇಳ್ದೆ. ನೀನು ಆಗ ಕೌನ್ಸಿಲ್‌ನವರನ್ನ ಬೈತಾ ಇದ್ದೆ.'

ಆಗಿನ್ನೂ ಕೌನ್ಸಿಲ್‌ನವರ ಕಾಗದವೇ ಬಂದಿರಲಿಲ್ಲ, ಅವರನ್ನು ನಾನು ಯಾಕೆ ಬೈಯುತ್ತಿದ್ದೆ ಎಂದೆ.

'ಕಸದ ಗಾಡಿ ವಿಷಯಕ್ಕೆ' ಅಂದಳು.

ಅದು ಬೈಯಬೇಕಾದ ವಿಷಯವೇ. ಎರಡು ವಾರ ಗಾಡಿ ಬಂದಿರಲಿಲ್ಲ.

ಮಾರ್ಚ್ 18, ಶನಿವಾರ

ಮತ್ತೆ ಕೀತ್ಲಿಗೆ, ಅದೇ ಅಂಗಡಿಗೆ. ಹೋಗುವಾಗ ಬಸ್ಸಿನಲ್ಲಿ ವಿನ್ನಿಗೆ ಹಾಳೆಗಳನ್ನು ಓದಿದ್ದೇನೆ ಎಂದು ಹೇಳಿದೆ. ಯಾವುದನ್ನು ಎಂದು ಕೇಳಿದಳು. ಕೊಕ್ಕರೆಯದ್ದು ಚೆನ್ನಾಗಿದೆ ಎಂದೆ. ಕೊನೆಯದ್ದನ್ನೂ ಓದಿದೆಯಾ ಎಂದಳು. ಓದಿದೆ, ಆದರೂ ನಿನ್ನನ್ನು ಯಾವ ಶಾಲೆಗೂ ಕಳಿಸುವುದಿಲ್ಲ ಎಂದೆ. ಅವಳು ಬಸ್ಸಿನ ಕಿಟಕಿಯಲ್ಲಿ ನೋಡುತ್ತಾ ತಲೆಯಾಡಿಸಿದಳು. ಸ್ವಲ್ಪ ಹೊತ್ತಾದ ಮೇಲೆ ನನ್ನ ತೋಳಿಗೆ ಒರಗಿಕೊಂಡಳು. ನಮ್ಮ ಮುಂದಿನ ಸೀಟಿನವನು ಅಷ್ಟು ಹೊತ್ತೂ ಫೋನಿನಲ್ಲಿ ಅರಚುತ್ತಿದ್ದ, ಇಳಿಯುವವರೆಗೂ ಬಿಡಲಿಲ್ಲ. ಜನಕ್ಕೆ ನಾಚಿಕೆಯೇ ಹೋಗಿದೆ.

ಗಡ್ಡದವನಿಗೆ ನಮ್ಮ ನೆನಪಿತ್ತು. ಹೆಸರು ಕ್ರಿಸ್ಪಿನ್ ಅಂತೆ. ಈ ಸಲ ಅವಳನ್ನು ಕೇಳು ಎಂದೆ. ವಿನ್ನಿ ಮೂರು ವಿಷಯ ಕೇಳಿದಳು. ಕೀಲಿ ಒತ್ತಿದರೆ ಬೆರಳಿಗೆ ಗೊತ್ತಾಗಬೇಕು. ದೋಣಿಯ ಬ್ಯಾಟರಿಯಿಂದಲೇ ಚಾರ್ಜ್ ಆಗಬೇಕು. ಇಂಟರ್ನೆಟ್ ಸಿಗದ ಕಡೆ ದೋಣಿ ಕಟ್ಟಿದರೂ ಬರೆಯಲು ಆಗಬೇಕು. ಇಷ್ಟು ಸರಿಯಾಗಿ ಕೇಳುವ ಗಿರಾಕಿ ವರ್ಷಕ್ಕೊಬ್ಬರು ಬರುವುದಿಲ್ಲ ಎಂದ ಅವನು. ಮೊದಲ ಸಲವೇ ಕೇಳಿದ್ದರೆ ಸಿಗುತ್ತಿತ್ತಲ್ಲ ಎಂದು ನನ್ನ ನಾಲಿಗೆಯ ತುದಿಗೆ ಬಂತು. ಆ ಸಲ ಅವನು ಕೇಳಿಯೇ ಇದ್ದ ಎಂಬುದು ನೆನಪಾಯಿತು.

ಎಷ್ಟು ವ್ಯಾಟ್ ಎಂದು ಅವನಿಗೆ ಈಗಲೂ ಗೊತ್ತಿಲ್ಲ. ನಾನು ನನ್ನ ಮೀಟರ್ ತೆಗೆದುಕೊಂಡು ಹೋಗಿದ್ದೆ. ಕೌಂಟರಿನ ಮೇಲೆ ಐದು ಹಳೆಯ ಲ್ಯಾಪ್‌ಟಾಪ್ ಸಾಲಾಗಿ ಇಡಿಸಿ, ಒಂದೊಂದಕ್ಕೂ ಮೀಟರ್ ಹಾಕಿ ನಾನು ಅಂಕಿ ಕೂಗಿದೆ. ವಿನ್ನಿ ಕಣ್ಣು ಮುಚ್ಚಿಕೊಂಡು ಒಂದೊಂದರ ಮೇಲೂ ತನ್ನ ಹೆಸರು ಟೈಪ್ ಮಾಡಿದಳು. ಅಂಗಡಿಯಲ್ಲಿದ್ದವರೆಲ್ಲ ನೋಡುತ್ತಿದ್ದರು. ನೋಡಲಿ.

ಎರಡನೆಯದು ತೆಳ್ಳಗೆ, ಹಗುರ, ವಿದ್ಯುತ್ ಎಳೆಯುವುದರಲ್ಲಿ ಎಲ್ಲಕ್ಕಿಂತ ಕಡಿಮೆ. ಯಾವ ಕೋನದಿಂದ ನೋಡಿದರೂ ಅದೇ ಸರಿ. ವಿನ್ನಿ ನಾಲ್ಕನೆಯದರ ಮುಂದೆ ನಿಂತಳು. ದಪ್ಪ, ಕಪ್ಪು, ಯಾವುದೋ ಬ್ಯಾಂಕಿನಲ್ಲಿ ಹತ್ತು ವರ್ಷ ದುಡಿದದ್ದು, ಮೂಲೆ ಸವೆದಿದೆ. ಎಳೆಯುವುದು ಎರಡನೆಯದರ ಒಂದೂವರೆಯಷ್ಟು.

'ಇದರಲ್ಲಿ ಕೈ ನೋಯಲ್ಲ ಅಪ್ಪ' ಅಂದಳು.

ಏಪ್ರಿಲ್ ಬಂತಲ್ಲ, ಬಿಸಿಲು ಜಾಸ್ತಿಯಾಗುತ್ತದೆ, ಒಂದೂವರೆಯಷ್ಟು ಏನು ಮಹಾ ಎಂದು ಕ್ರಿಸ್ಪಿನ್‌ಗೆ ಹೇಳಿದೆ. ಚಾರ್ಜ್ ಮಾಡುವ ತಂತಿಯನ್ನು ಅವನು ಹೊಸದಾಗಿ ಕೊಳ್ಳಲು ಹೇಳಿದ. ಶುದ್ಧ ಸುಲಿಗೆ. ದೋಣಿಗೆ ಹೊಂದುವ ಹಾಗೆ ನಾನೇ ಮಾಡಿದೆ.

ಮಾರ್ಚ್ 28, ಮಂಗಳವಾರ

ಮಿಸೆಸ್ ಬೂತ್ ಬಂದರು. ಕಾಲುವೆಯ ಹಾದಿ ಕೆಸರಾಗಿತ್ತು, ಆಕೆ ಸರಿಯಾದ ರಬ್ಬರ್ ಬೂಟು ಹಾಕಿಕೊಂಡು ಬಂದಿದ್ದರು, ಅದೊಂದನ್ನು ಒಪ್ಪಬೇಕು. ನಾನು ಬೆಳಿಗ್ಗೆಯಿಂದ ಹೇಳಬೇಕಾದ ಮಾತುಗಳನ್ನು ಸಾಲಾಗಿ ಜೋಡಿಸಿಕೊಂಡಿದ್ದೆ. ಕಾನೂನಿನ ಯಾವ ಪುಟದಲ್ಲೂ ಕಂಪ್ಯೂಟರ್ ಎಂಬ ಶಬ್ದವಿಲ್ಲ ಎಂಬಲ್ಲಿಂದ ಶುರು.

ಶುರು ಮಾಡಿದೆ. ವಿನ್ನಿ ನನ್ನ ತೋಳು ಮುಟ್ಟಿ, 'ಅಪ್ಪ, ನೀನು ಸ್ವಲ್ಪ ಹೊರಗೆ ಇರ್ತೀಯಾ? ನಾನೇ ತೋರಿಸ್ತೀನಿ' ಅಂದಳು.

ನನ್ನ ದೋಣಿಯಿಂದ ನನ್ನನ್ನೇ ಹೊರಗೆ ಕಳಿಸುವುದು. ಹೋಗಿ ದಡದಲ್ಲಿ ನಿಂತೆ. ಮೂವತ್ತೈದು ನಿಮಿಷ. ಹಗ್ಗಗಳನ್ನೆಲ್ಲ ಬಿಚ್ಚಿ ಮತ್ತೆ ಕಟ್ಟಿದೆ, ಬೇಕಿರಲಿಲ್ಲ. ಕಿಟಕಿಯಿಂದ ಕೀಲಿಗಳ ಸದ್ದು ಬರುತ್ತಿತ್ತು, ನಿಲ್ಲುತ್ತಿತ್ತು, ಒಮ್ಮೆ ಇಬ್ಬರೂ ನಕ್ಕದ್ದು ಕೇಳಿತು. ಏನಕ್ಕೆ ನಕ್ಕರೆಂದು ಇನ್ನೂ ಗೊತ್ತಿಲ್ಲ.

ಮಿಸೆಸ್ ಬೂತ್ ಹೊರಗೆ ಬಂದು ಪಕ್ಕದಲ್ಲಿ ನಿಂತರು. ವಿನ್ನಿಯ ಬರಹಗಳನ್ನೆಲ್ಲ ಓದಿದರಂತೆ. ಆದೇಶದ ಮಾತೇ ಇಲ್ಲ ಎಂದರು. ಆಮೇಲೆ, 'ಅವಳ ಕೈಯನ್ನ ಒಬ್ಬರು ತಜ್ಞರು ನೋಡಿದ್ರೆ ಒಳ್ಳೇದು ಅಂತ ಫೆಬ್ರವರೀಲೇ ಬರೆದಿದ್ದೆ ಮಿಸ್ಟರ್ ಸಗ್ಡನ್. ನೀವು ಉತ್ತರ ಕೊಡ್ಲಿಲ್ಲ. ಇವತ್ತು ವಿನ್ನೀನ ಕೇಳ್ದೆ, ಅಪ್ಪನ್ನ ಕೇಳಿ ಅಂದ್ಲು. ಅದಕ್ಕೆ ಕೇಳ್ತಿದೀನಿ' ಎಂದರು.

ಹಾಗೆಲ್ಲ ಏನೂ ಬರೆದಿರಲಿಲ್ಲ ನೀವು, ಕಂಪ್ಯೂಟರ್ ತನ್ನಿ ಎಂದಷ್ಟೇ ಬರೆದದ್ದು ಎಂದೆ. ಆಕೆ ವಾದ ಮಾಡಲಿಲ್ಲ. ತೋರಿಸಿಯೇ ಬಿಡುತ್ತೇನೆಂದು ಒಳಗೆ ಹೋಗಿ ಸ್ಪ್ಯಾನರ್ ಡ್ರಾಯರಿನಿಂದ ಆ ಕಾಗದ ತೆಗೆದೆ.

ಮೂರನೆಯ ಪ್ಯಾರಾ ಇತ್ತು. 'ಮಗು ಪೆನ್ನು ಕೆಳಗಿಟ್ಟ ನಂತರ ಮೇಜಿನ ಅಡಿಯಲ್ಲಿ ಕೈ ಉಜ್ಜಿಕೊಳ್ಳುತ್ತಿದ್ದುದನ್ನು ಗಮನಿಸಿದೆ. ಬುದ್ಧಿಯಲ್ಲಾಗಲಿ ತಂದೆಯ ಪಾಠದಲ್ಲಾಗಲಿ ಕೊರತೆ ಕಾಣಲಿಲ್ಲ. ಬರೆಯುವ ಕ್ರಿಯೆಯೇ ಕಷ್ಟವಾಗುತ್ತಿರಬಹುದು. ತಜ್ಞರೊಬ್ಬರು ಕೈಯನ್ನು ನೋಡುವುದು ಒಳ್ಳೆಯದು.'

ಕಾಗದವನ್ನು ಮಡಿಸಿ ಹೊರಗೆ ಬಂದೆ. ತಜ್ಞರನ್ನು ಯಾವಾಗ ನೋಡಬಹುದು ಎಂದು ಕೇಳಿದೆ. ಸರದಿ ಉದ್ದವಿದೆ, ನಾಲ್ಕು ತಿಂಗಳಾದರೂ ಆಗುತ್ತದೆ ಎಂದರು. ನಾಲ್ಕು ತಿಂಗಳು. ನೋವಿರುವ ಮಗುವನ್ನು ನಾಲ್ಕು ತಿಂಗಳು ಕಾಯಿಸುವ ಈ ದೇಶದಲ್ಲಿ. ಆದರೆ ಆಕೆಗೆ ಒಂದು ಲೋಟ ಚಹಾ ಕೊಡದೆ ಕಳಿಸಿದ್ದು ನನ್ನಿಂದ ತಪ್ಪಾಯಿತು. ಕೆಸರಿನಲ್ಲಿ ಅಷ್ಟು ದೂರ ಬಂದಿದ್ದರು.

ಏಪ್ರಿಲ್ 15, ಶನಿವಾರ

ಸಿಲ್ಸ್‌ಡನ್ ಹತ್ತಿರ ದೋಣಿ ಕಟ್ಟಿದ್ದೇವೆ. ಇಲ್ಲಿನ ನೀರಿನ ನಲ್ಲಿ ಕೆಟ್ಟು ಆರು ವಾರವಾಗಿದೆಯಂತೆ. ಹನ್ನೊಂದು ದೋಣಿಗಳ ಜನ ಕ್ಯಾನು ಹೊತ್ತುಕೊಂಡು ಒಂದೂವರೆ ಮೈಲಿ ನಡೆಯುತ್ತಿದ್ದಾರೆ. ಅವರಲ್ಲಿ ಎಂಬತ್ತು ದಾಟಿದವಳೊಬ್ಬಳಿದ್ದಾಳೆ. ಕಾಲುವೆ ಕಚೇರಿಗೆ ಫೋನ್ ಮಾಡಿದರೆ ಒಂದು ಯಂತ್ರ ಮಾತಾಡುತ್ತದೆ.

ಕಾಗದ ಬರೆಯುತ್ತೇನೆ ಎಂದೆ. ಡೆನೀಸ್ ಸ್ಟವ್ ಕಡೆ ನೋಡಿದಳು. ವಿನ್ನಿ ತನ್ನ ಕಪ್ಪು ಲ್ಯಾಪ್‌ಟಾಪ್ ತೆಗೆದು, 'ನೀನು ಹೇಳು ಅಪ್ಪ, ನಾನು ಬರೀತೀನಿ' ಅಂದಳು.

ಮೇಜಿನ ಈಚೆ ನಾನು, ಆಚೆ ಅವಳು. ಹೇಳತೊಡಗಿದೆ. ಮಾನ್ಯರೇ. ಸಿಲ್ಸ್‌ಡನ್. ಬಳಿಯ. ನೀರಿನ. ನಲ್ಲಿ. ಒಂದೊಂದು ಶಬ್ದಕ್ಕೂ ನಿಂತು, ಅವಳ ಕೈ ನೋಡಿ, ಆಮೇಲೆ ಮುಂದಿನದು. ಎರಡು ಸಾಲು ಆಗುವಷ್ಟರಲ್ಲಿ ಅವಳು ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು. ನೋಯುತ್ತಿದೆಯಾ ಎಂದು ಕೇಳಿದೆ.

'ನೋಯ್ತಿಲ್ಲ. ನೀನ್ಯಾಕೆ ಹಾಗೆ ಬಿಡಿಸಿ ಬಿಡಿಸಿ ಹೇಳ್ತಿದೀಯ? ಸಿಟ್ಟು ಬಂದಾಗ ಹೆಂಗೆ ಮಾತಾಡ್ತೀಯೋ ಹಂಗೇ ಮಾತಾಡು. ನಾನು ಬರ್ಕೊಳ್ತೀನಿ.'

ಮಾತಾಡಿದೆ. ನಲ್ಲಿಯಿಂದ ಶುರುವಾಗಿ, ಕ್ಯಾನು ಹೊರುವ ಮುದುಕಿ, ಫೋನೆತ್ತುವ ಯಂತ್ರ, ನಾವು ವರ್ಷಾವರ್ಷ ಕಟ್ಟುವ ಪರವಾನಗಿ ಶುಲ್ಕ, ದೋಣಿಯಲ್ಲಿರುವವರೆಂದರೆ ಯಾರ ಲೆಕ್ಕಕ್ಕೂ ಇಲ್ಲದವರೆಂದು ತಿಳಿದಿರುವ ಕಚೇರಿಗಳು, ಎಲ್ಲ. ಹದಿನೈದು ನಿಮಿಷ ಇರಬೇಕು. ಅವಳ ಬೆರಳುಗಳು ಒಮ್ಮೆಯೂ ನಿಲ್ಲಲಿಲ್ಲ. ನಾನು ಉಸಿರು ತೆಗೆದುಕೊಳ್ಳುವಾಗ ಮಾತ್ರ ಅವೂ ಉಸಿರು ತೆಗೆದುಕೊಂಡವು.

ಮುಗಿದ ಮೇಲೆ ಅವಳು ಓದಿ ಹೇಳಿದಳು. ನಾಲ್ಕು ಶಬ್ದ ತೆಗೆದುಹಾಕಿದ್ದಳು. ಯಾವುವು ಎಂದು ಕೇಳಿದೆ. ಅಮ್ಮ ಶಾಂಪೂ ಹಚ್ಚಿಕೊಂಡಿದ್ದಾಗ ಬಳಸಿದಂಥವು ಅಂದಳು. ಡೆನೀಸ್ ಒಲೆಯ ಕಡೆ ತಿರುಗಿಕೊಂಡಳು, ಬೆನ್ನು ಅಲುಗುತ್ತಿತ್ತು. ಉಳಿದದ್ದೆಲ್ಲ ನನ್ನದೇ ಮಾತು. ನಾನು ಇಷ್ಟು ಸರಿಯಾಗಿ ಮಾತಾಡುತ್ತೇನೆಂದು ನನಗೆ ಗೊತ್ತಿರಲಿಲ್ಲ.

ಕೆಳಗೆ ಸಹಿ ಹಾಕಬೇಕಲ್ಲ, ಅಷ್ಟೇ ತಾನೆ ಎಂದು ಎದ್ದೆ.

'ಕೂತ್ಕೋ, ಇನ್ನೂ ಮುಗಿದಿಲ್ಲ' ಅಂದಳು. 'ಆ ಅಜ್ಜಿ ಬಗ್ಗೆ ನಾನು ಎರಡು ಸಾಲು ಸೇರಿಸ್ಬೇಕು. ನೀನು ನೋಡದೇ ಇರೋದನ್ನ ನಾನು ನೋಡಿದೀನಿ.'

ಏನು ನೋಡಿದೆ ಎಂದು ಕೇಳಲಿಲ್ಲ. ಬರೆದ ಮೇಲೆ ಓದುತ್ತೇನೆಂದು ಕೂತೆ.